ಮೊದಲ ಸೌಟು

ಜುಲೈ ೧೬, ೧೮೯೪. ಮೌಲ್‌ಮೇನ್. ವಾಸೋ ಹುಣ್ಣಿಮೆಯ ಹಿಂದಿನ ದಿನ

ಚುಟ್ಟಾ ಹಚ್ಚಿ ಎರಡು ದಮ್ಮು ಎಳೆದಿರಲಿಲ್ಲ, ಮಗಳು ಬಂದು ಎದುರಿಗೆ ಮಂಡಿಯೂರಿ ಕೂತಳು. ಕೈ ಮುಗಿದು ಹಣೆಯನ್ನು ನೆಲಕ್ಕೆ ಮುಟ್ಟಿಸಿದಳು. ನನಗೆ ಗಾಬರಿ. ಮಕ್ಕಳು ಹೀಗೆ ನಮಸ್ಕರಿಸುವುದು ಹಬ್ಬದ ದಿನ, ಇಲ್ಲವೇ ಏನಾದರೂ ದೊಡ್ಡದನ್ನು ಕೇಳುವ ದಿನ. ಹಬ್ಬ ನಾಳೆ.

"ಅಪ್ಪಾ, ನಾನು ತಲೆ ಬೋಳಿಸಿಕೊಂಡು ಗುಡ್ಡದ ಮೇಲಿನ ಸನ್ಯಾಸಿನಿಯರ ಮಠ ಸೇರಬೇಕು ಅಂತಿದ್ದೀನಿ. ನೀವು ಒಪ್ಪಿಗೆ ಕೊಡಬೇಕು."

ಬಜಾರಿಗೆ ಹೋಗಿ ಒಂದಿಷ್ಟು ಈರುಳ್ಳಿ ತರಲಾ ಅಂತ ಕೇಳಿದ ಹಾಗೆ ಕೇಳಿದಳು. ಇವಳ ಹೆಸರು ಯೋನ್, ಅಂದರೆ ಮೊಲ. ಅವಳಮ್ಮ ಇಟ್ಟದ್ದು. ನಡೆದಾಡುವುದೇನೋ ಮೊಲದ ಹಾಗೆಯೇ, ಸದ್ದಿಲ್ಲ. ಹಟ ಹಿಡಿದರೆ ಮಾತ್ರ ಎಮ್ಮೆ. ಈಗ ಹತ್ತೊಂಬತ್ತು.

ಹೆತ್ತವರು ಒಪ್ಪದೆ ಯಾವ ಮಠವೂ ಸೇರಿಸಿಕೊಳ್ಳುವುದಿಲ್ಲ. ಬುದ್ಧನ ಕಾಲದಿಂದ ಬಂದ ಕಟ್ಟಳೆ. ಅವಳಮ್ಮ ಹೋಗಿ ಎರಡು ವರ್ಷ. ಅಂದಮೇಲೆ ಪರ್ಮಿಷನ್ ಕೊಡಬೇಕಾದವನೂ ನಾನೇ, ಕೊಡದೆ ಇರಬಹುದಾದವನೂ ನಾನೇ. ಇದು ನನಗೆ ಸಮಾಧಾನ ತಂದಿತು. ಲಾಜಿಕ್ ಓದಿದವನು ನಾನು, ಕಲ್ಕತ್ತಾದ ಕಾಲೇಜಿನಲ್ಲಿ ಎರಡು ವರ್ಷ. ಮೇಜರ್ ಪ್ರೆಮಿಸ್, ಮೈನರ್ ಪ್ರೆಮಿಸ್, ಆಮೇಲೆ ಇನ್ನೊಂದು ಇತ್ತು, ಮರೆತಿದ್ದೇನೆ. ಪರೀಕ್ಷೆಯಲ್ಲಿ ನಾನು ಹೋದದ್ದೂ ಆ ಇನ್ನೊಂದರಲ್ಲೇ.

"ನೀನು ಹೋದರೆ ಬೆಳಿಗ್ಗೆ ಭಿಕ್ಷುಗಳಿಗೆ ಅನ್ನ ಯಾರು ಹಾಕ್ತಾರೆ?" ಅಂದೆ. "ಗಡಿಗೆಯ ಮೊದಲ ಸೌಟು ಬುದ್ಧನ ಪೀಠಕ್ಕೆ, ಆಮೇಲೆ ಭಿಕ್ಷುಗಳ ಪಾತ್ರೆಗೆ, ಆಮೇಲೆ ನಮಗೆ. ನಿಮ್ಮಮ್ಮ ಈ ಮನೆಗೆ ಕಾಲಿಟ್ಟ ಮೇಲೆ ಒಂದು ದಿನ ತಪ್ಪಿಸಲಿಲ್ಲ. ನಿನ್ನನ್ನ ಹೆತ್ತ ದಿನ ಕೂಡ ತಂಗಿ ಕೈಲಿ ಹಾಕಿಸಿದಳು."

"ನೀವು ಹಾಕಿ."

"ನನಗೆ ಒಲೆ ಹಚ್ಚೋಕೂ ಬರಲ್ಲ."

"ಕಲಿಸ್ತೀನಿ."

ಆಗ ನನಗೆ ಒಂದು ಉಪಾಯ ಹೊಳೆಯಿತು. ನಾಳೆಯಿಂದ ವರ್ಷಾವಾಸ. ಮಳೆಗಾಲದ ಮೂರು ತಿಂಗಳು ಭಿಕ್ಷುಗಳು ಊರು ಬಿಟ್ಟು ಕದಲುವುದಿಲ್ಲ, ನಾವು ಮದುವೆ ಮುಂಜಿ ಇಟ್ಟುಕೊಳ್ಳುವುದಿಲ್ಲ. "ವರ್ಷಾವಾಸ ಮುಗಿಯೋ ಹುಣ್ಣಿಮೆವರೆಗೆ ನೋಡೋಣ," ಅಂದೆ. "ಮೊದಲ ಸೌಟು ನನ್ನ ಕೈಲಿ ತಪ್ಪದೆ ನಡೆದರೆ ಒಪ್ಪಿಗೆ. ನಡೆಯದಿದ್ದರೆ ಈ ಮಾತು ಮತ್ತೆ ಎತ್ತಬಾರದು."

"ಅಷ್ಟೇನಾ ಅಪ್ಪ?" ಅಂದು ಇನ್ನೊಮ್ಮೆ ಹಣೆ ಮುಟ್ಟಿಸಿ ಎದ್ದು ಹೋದಳು.

ಪಾಪ, ಹುಡುಗಿಗೆ ಲಾಜಿಕ್ ಬರುವುದಿಲ್ಲ. ಕಲಿಯದೆ ಇರುವುದು ನನ್ನ ಕೈಯಲ್ಲೇ ಇದೆಯಲ್ಲ.

ಜುಲೈ ೧೭. ಹುಣ್ಣಿಮೆ

ವಿಹಾರದ ಮರದ ಗಂಟೆ ಇನ್ನೂ ಕತ್ತಲಿರುವಾಗಲೇ ಬಡಿಯಿತು. ಅದನ್ನು ಬಡಿಯುವವರಿಗೆ ಬುದ್ಧಿ ಇದೆಯೇ. ಊರಿನಲ್ಲಿ ಮಲಗುವವರೂ ಇರುತ್ತಾರೆ ಎಂಬ ಯೋಚನೆ ಬೇಡವೇ.

ಹೊದ್ದುಕೊಂಡೇ ಮಲಗಿದ್ದೆ. ಕಣ್ಣು ಬಿಡದೆಯೇ ನನಗೆ ಎಲ್ಲ ತಿಳಿಯುತ್ತದೆ. ಬಾವಿಯ ಹಗ್ಗದ ಸದ್ದು. ಬುದ್ಧನ ಪೀಠದ ಮುಂದಿನ ಸಣ್ಣ ಬಟ್ಟಲುಗಳಲ್ಲಿ ನಿನ್ನೆಯ ನೀರು ಚೆಲ್ಲಿ ಇವತ್ತಿನದು ತುಂಬುವ ಸದ್ದು. ಹಿತ್ತಾಳೆಯ ಹೂದಾನಿಯಲ್ಲಿ ಹಳೆಯ ಹೂ ತೆಗೆದು ಹೊಸದು ಸಿಕ್ಕಿಸುವುದು. ಆಮೇಲೆ ಜಪಮಣಿ. ಆಮೇಲೆ ಎಲ್ಲರೂ ಚೆನ್ನಾಗಿರಲಿ ಎಂದು ಹರಸುವುದು. ಇದನ್ನು ಅವಳು ಗಟ್ಟಿಯಾಗಿ ಹೇಳುತ್ತಾಳೆ, ಒಬ್ಬೊಬ್ಬರ ಹೆಸರು ಹಿಡಿದು. ಅಮ್ಮ ಎಲ್ಲಿ ಹುಟ್ಟಿದ್ದರೂ ಸುಖವಾಗಿರಲಿ. ಅಪ್ಪ ಸುಖವಾಗಿರಲಿ, ಅವರ ಕೆಮ್ಮು ವಾಸಿಯಾಗಲಿ. ಚಿಕ್ಕಮ್ಮ ಸುಖವಾಗಿರಲಿ. ಚಿಕ್ಕಮ್ಮನನ್ನು ಕಚ್ಚಿದ ನಾಯಿ ಸುಖವಾಗಿರಲಿ. ದಿಮ್ಮಿ ಎಳೆಯುವ ಆನೆಗಳು ಸುಖವಾಗಿರಲಿ.

ಆ ನಾಯಿಯನ್ನು ಸೇರಿಸುವುದು ಅತಿಯಾಯಿತು ಎಂದು ನನ್ನ ಅಭಿಪ್ರಾಯ.

ಇವತ್ತು ವ್ರತದ ದಿನವಾದ್ದರಿಂದ ಮಧ್ಯಾಹ್ನದ ಮೇಲೆ ಊಟವಿಲ್ಲ, ಮುಡಿಗೆ ಹೂವಿಲ್ಲ, ಕೆನ್ನೆಗೆ ಗಂಧದ ಹಾಗೆ ತನಕಾ ತೊಗಟೆ ತೇಯ್ದು ಹಚ್ಚುವುದಿಲ್ಲ. ಆ ಲೇಪವಿಲ್ಲದ ಮುಖ ಅವಳಮ್ಮನದೇ.

ಸಂಜೆ ನಾನೊಬ್ಬನೇ ಕೂತು ಉಂಡೆ. ಎದುರಿಗೆ ಕೂತು ಬೀಸಣಿಗೆ ಬೀಸಿದಳು. ಹಸಿವಿಲ್ಲವೇನೇ ಅಂದೆ. "ಇದೆ ಅಪ್ಪ. ಇದ್ದರೆ ಇರಲಿ ಬಿಡಿ," ಅಂದಳು, ಅಂಗಳದಲ್ಲಿ ಕೂತ ಬೆಕ್ಕಿನ ವಿಷಯ ಹೇಳುವ ಹಾಗೆ.

ಜುಲೈ ೨೪

ಪಾಠ ಶುರುವಾಗಿ ಕೆಲವು ದಿನವಾಯಿತು. ಅಕ್ಕಿ ಮೂರು ಸಲ ತೊಳೆಯಬೇಕು. ನೀರು ತೋರುಬೆರಳಿನ ಮೊದಲ ಗೆಣ್ಣಿಗೆ ಬರಬೇಕು. ಉಕ್ಕು ಬಂದ ಮೇಲೆ ಕೊಳ್ಳಿ ಹಿಂದಕ್ಕೆಳೆಯಬೇಕು. ಕಾಲೇಜಿನ ಕೆಮಿಸ್ಟ್ರಿಗಿಂತ ಕಷ್ಟವೇನಲ್ಲ, ಆದರೆ ಕೆಮಿಸ್ಟ್ರಿಯಲ್ಲಿ ಕಣ್ಣಿಗೆ ಹೊಗೆ ಹೋಗುತ್ತಿರಲಿಲ್ಲ.

ಇವತ್ತು ನಾನೇ ಮಾಡುತ್ತೇನೆ, ನೀನು ಕೂತಿರು ಎಂದೆ. ಕೊಳ್ಳಿ ಹಿಂದಕ್ಕೆಳೆಯಲಿಲ್ಲ. ಎರಡು ಸೌದೆ ಜಾಸ್ತಿಯೇ ಇಟ್ಟು ಜಗಲಿಗೆ ಹೋಗಿ ಕೂತೆ. ವಾಸನೆ ಬೀದಿಯವರೆಗೆ ಬಂತು. ಗಡಿಗೆಯೊಳಗೆ ಇದ್ದಿಲು.

ಯೋನ್ ಬಂದು ಗಡಿಗೆ ಕೆಳಗಿಳಿಸಿದಳು. ಬೇರೆ ಅನ್ನ ಮಾಡಲು ಹೊತ್ತಿರಲಿಲ್ಲ. ಭಿಕ್ಷುಗಳ ಸಾಲು ತಿರುವಿನಲ್ಲಿ ಕಾಣಿಸಿತು. ಸೀದ ಅನ್ನ ಕೊಡುವ ರೂಢಿ ನಮ್ಮಲ್ಲಿಲ್ಲ. ಕೊಟ್ಟರೆ ಒಳ್ಳೆಯದು ಕೊಡಬೇಕು. ಅವಳು ಗೇಟಿನ ಬಳಿ ಬರಿಗೈಯಲ್ಲಿ ಹೋಗಿ ನಿಂತಳು. ಹಿರಿಯ ಭಿಕ್ಷು ಎಂದಿನಂತೆ ನಮ್ಮ ಮನೆ ಮುಂದೆ ನಿಂತು ಪಾತ್ರೆಯ ಮುಚ್ಚಳಕ್ಕೆ ಕೈ ಹಾಕಿದರು. ಅವಳು ಕೈ ಮುಗಿದು, "ಕ್ಷಮಿಸಿ ಪೂಜ್ಯರೇ," ಅಂದಳು.

ಮನೆಯಲ್ಲಿ ಏನೂ ಇಲ್ಲದವರು ಹೇಳುವ ಮಾತು ಅದು. ಅದನ್ನು ಕೇಳಿದರೆ ಅವರು ಮುಂದಿನ ಮನೆಗೆ ಹೋಗಬೇಕು, ಹೋದರು. ಅವರ ಕೈ ಮುಚ್ಚಳದ ಮೇಲೆ ಸ್ವಲ್ಪ ಹೊತ್ತು ಹಾಗೇ ಇತ್ತು. ನಮ್ಮ ಗೇಟಿನಲ್ಲಿ ಆ ಮಾತನ್ನು ಅವರು ಕೇಳಿದ್ದು ಇದೇ ಮೊದಲು.

ಕಿಟಕಿಯಿಂದ ನೋಡಿದೆ. ಕಣ್ಣಿಗೆ ಹೊಗೆ ಹೋಗಿತ್ತು.

ಆಮೇಲೆ ಬಿಸಿಲು ಏರಿದಾಗ ಸನ್ಯಾಸಿನಿಯರು ಬಂದರು. ಅವರು ಬರುವುದು ವ್ರತದ ಹಿಂದಿನ ದಿನ ಮಾತ್ರ, ಮಸುಕು ಗುಲಾಬಿ ಬಟ್ಟೆ ಉಟ್ಟು, ತಲೆಯ ಮೇಲೆ ಬಿದಿರಿನ ತಟ್ಟೆ ಹೊತ್ತು. ಅವರಿಗೆ ಕೊಡುವುದು ಹಸಿ ಅಕ್ಕಿ. ಮಠದಲ್ಲಿ ತಾವೇ ಬೇಯಿಸಿಕೊಳ್ಳುತ್ತಾರೆ. ಯೋನ್ ಡಬ್ಬಿಯಿಂದ ಅಕ್ಕಿ ಹಾಕಿ ಹಿರಿಯಾಕೆಯ ಹತ್ತಿರ ಮೆಲ್ಲಗೆ ಏನೋ ಹೇಳಿದಳು. ಆಕೆಯ ಹೆಸರು ಕೇತುಮಾಲಾ ಅಮ್ಮ. ಅಜ್ಜಿಯಾದರೂ ಕತ್ತು ನೆಟ್ಟಗೆ. ಆಕೆ ನನ್ನ ಕಡೆ ನೋಡಿ ನಕ್ಕಂತೆ ಕಂಡಿತು.

ಸಂಜೆ ಯೋನ್, "ನಾಳೆ ನಾನು ಮಾಡಲಾ, ನೀವು ಮಾಡ್ತೀರಾ?" ಅಂದಳು.

"ನಾನೇ ಮಾಡ್ತೀನಿ. ಪಾಠದ ದಿನ ಲೆಕ್ಕಕ್ಕಿಲ್ಲ, ಕರಾರು ನಾಳೆಯಿಂದ," ಅಂದೆ. ಯಾಕೆ ಹಾಗಂದೆನೋ.

ಆಗಸ್ಟ್ ೨

ನನ್ನ ನಾದಿನಿ ಮಾ ಚೋ ಬಂದಿದ್ದಳು. ಬಜಾರಿನಲ್ಲಿ ಚುಟ್ಟಾ ಸುತ್ತಿ ಮಾರುವವಳು. ಚುಟ್ಟಾ ತಣ್ಣಗೆ, ಬಾಯಿ ಖಾರ. ಒಳಗೆ ಬಂದವಳೇ ಅಡುಗೆಮನೆಯಲ್ಲಿ ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು.

"ಅಯ್ಯೋ ಭಾವ! ಅಕ್ಕ ಇದ್ದಾಗ ಒಂದು ಲೋಟ ನೀರು ಎತ್ತಿ ಕುಡಿದವರಲ್ಲ ನೀವು. ಈಗ ಸೌಟು ಹಿಡಿದಿದ್ದೀರಿ!"

"ಇದೊಂದು ಎಕ್ಸ್‌ಪೆರಿಮೆಂಟು," ಅಂದೆ.

"ಅದೇನೋ ನಂಗೊತ್ತಿಲ್ಲ. ಲುಂಗಿ ತುದಿಗೆ ಬೆಂಕಿ ಹತ್ತುತ್ತೆ, ನೋಡ್ಕೊಳ್ಳಿ."

ಯೋನ್ ಬಾವಿಗೆ ಹೋದಾಗ ಗುಟ್ಟಿನಲ್ಲಿ ಹೇಳಿದಳು. ಗರಗಸದ ಮಿಲ್ಲಿನ ಹುಡುಗ ಮಾಂಗ್ ಬಾ ಶೀನ್ ಒಳ್ಳೆಯವನು, ಕುಡಿಯಲ್ಲ, ಜೂಜಾಡಲ್ಲ, ಇವಳ ಮೇಲೆ ಕಣ್ಣಿದೆ. ಮದುವೆ ಈಗ ಆಗದು, ಆದರೆ ನೋಡಿಕೊಂಡು ಮಾತಾಡಿಕೊಂಡು ಇರಬಹುದಲ್ಲ. "ಹುಡುಗಿಗೆ ಬೇರೆ ಯೋಚನೆ ಬರೋ ಹಾಗೆ ಮಾಡಿ ಭಾವ. ಆ ಕೂದಲು ನೋಡಿ, ಮಂಡಿವರೆಗಿದೆ. ಅದನ್ನ ಬೋಳಿಸೋದಾ? ನಂಗೆ ಹೊಟ್ಟೆ ಉರಿಯುತ್ತೆ."

ನನಗೂ. ಕಳಿಸು ಅವನನ್ನ ಅಂದೆ.

ಆಗಸ್ಟ್ ೧೬. ಹುಣ್ಣಿಮೆ

ಬಾ ಶೀನ್ ವಾರದಿಂದ ಸಂಜೆ ಸಂಜೆ ಬರುತ್ತಿದ್ದಾನೆ. ನಿನ್ನೆ ಎರಡು ಡೂರಿಯನ್ ಹಣ್ಣು ಹೊತ್ತು ತಂದ. ಅದರ ವಾಸನೆಗೆ ಇನ್ನೂ ಮನೆಯಲ್ಲಿ ಕೂರಲಾಗುತ್ತಿಲ್ಲ, ರುಚಿ ಮಾತ್ರ ಸ್ವರ್ಗ. ಹುಡುಗ ನಿಜಕ್ಕೂ ಒಳ್ಳೆಯವನು. ಅಗಲ ಭುಜ, ತಗ್ಗಿದ ದನಿ. ಇವಳ ಎದುರಿಗೆ ಕೂತರೆ ಕಿವಿ ಕೆಂಪಾಗುತ್ತದೆ.

ಯೋನ್ ಅವನಿಗೆ ಚಹಾ ಕೊಟ್ಟಳು, ನೆಲಗಡಲೆ ಕೊಟ್ಟಳು, ಅಮ್ಮನ ಆರೋಗ್ಯ ವಿಚಾರಿಸಿದಳು. ಆಮೇಲೆ, "ಅಣ್ಣಾ, ಗುಡ್ಡದ ಮಠದಲ್ಲಿ ಅಜ್ಜಿಯಂದಿರೇ ಇರೋದು, ಸೌದೆ ಸೀಳೋಕೆ ಯಾರೂ ಇಲ್ಲ," ಅಂದಳು. ಇವತ್ತು ಬೆಳಿಗ್ಗೆಯಿಂದ ಹುಡುಗ ಅಲ್ಲಿ ಸೌದೆ ಸೀಳುತ್ತಿದ್ದಾನಂತೆ. ಕೇತುಮಾಲಾ ಅಮ್ಮ ಅವನಿಗೆ ಪಂಚಶೀಲ ಕೊಟ್ಟು ಊಟ ಹಾಕಿದರಂತೆ. ಬಹಳ ಖುಷಿಯಾಗಿದ್ದಾನಂತೆ.

ಮಾ ಚೋಗೆ ಹೇಳಿದರೆ ತಲೆ ಚಚ್ಚಿಕೊಂಡಳು. "ಅಣ್ಣಾ ಅಂದ್ಳಾ? ಮುಗೀತು ಬಿಡಿ."

ಇನ್ನೊಂದು ವಿಷಯ. ಸಂಜೆ ಊಟಕ್ಕೆ ಕೂರಬೇಕು, ಒಬ್ಬನೇ ಕೂರುವುದು ಯಾಕೋ ಬೇಸರವಾಯಿತು, ಡೂರಿಯನ್ ಹೊಟ್ಟೆಯಲ್ಲಿ ಭಾರವಾಗಿರಬೇಕು ಎಂದು ಬಿಟ್ಟುಬಿಟ್ಟೆ. ಹೊಟ್ಟೆಯ ಕಾರಣದಿಂದಷ್ಟೇ.

ಸೆಪ್ಟೆಂಬರ್ ೩

ಯೋನ್‌ಗೆ ಜ್ವರ. ಬಿಡುವಿಲ್ಲ.

ಸೆಪ್ಟೆಂಬರ್ ೫

ಜ್ವರ ಇಳಿದಿಲ್ಲ. ಮಾ ಚೋ ಕಹಿ ಕಷಾಯ ತಂದಳು. ಬೆಳಿಗ್ಗೆ ಅನ್ನ ಸರಿಯಾಗಿ ಬಂತು.

ಸೆಪ್ಟೆಂಬರ್ ೮

ಇವತ್ತು ಬೆವರು ಬಿಟ್ಟಳು. ಗಂಜಿ ಕುಡಿದಳು. ನಾನು ಮಾಡಿದ ಗಂಜಿ. ಈಗ ಕೂತು ಬರೆಯಬಹುದು.

ಈ ದಿನಗಳಲ್ಲಿ ಮನೆಯದೆಲ್ಲ ನನ್ನ ಮೇಲೇ ಬಿತ್ತು. ಬಾವಿಯ ನೀರು, ಬಟ್ಟಲುಗಳ ನೀರು, ಹೂವು, ಅನ್ನ. ಅವಳು ಮಲಗಿದಲ್ಲಿಂದಲೇ ಕಿವಿಗೊಟ್ಟು ಕೇಳುತ್ತಿದ್ದಳು, ನಾನು ಕೇಳುತ್ತಿದ್ದ ಹಾಗೆಯೇ. ಮೊದಲ ದಿನ, "ಅಪ್ಪಾ, ಹರಸೋದು ಬಿಟ್ಟುಹೋಯ್ತು," ಅಂದಳು ಸಣ್ಣ ದನಿಯಲ್ಲಿ. ಜ್ವರದವಳು ಕೇಳಿದ ಮೇಲೆ ಇಲ್ಲ ಅನ್ನುವುದು ಹೇಗೆ. ಪೀಠದ ಮುಂದೆ ಕೂತು ಹೇಳಿದೆ. ಯೋನ್ ಸುಖವಾಗಿರಲಿ. ಅವಳ ಜ್ವರ ಇಳಿಯಲಿ. ಅವಳಮ್ಮ ಎಲ್ಲಿದ್ದರೂ ಸುಖವಾಗಿರಲಿ. ಇಲ್ಲಿ ಸ್ವಲ್ಪ ತಡೆಯಿತು. ಅವಳ ಹೆಸರನ್ನು ಗಟ್ಟಿಯಾಗಿ ಹೇಳಿ ಬಹಳ ದಿನವಾಗಿತ್ತು. ಮಾ ಚೋ ಸುಖವಾಗಿರಲಿ. ಆನೆಗಳು ಸುಖವಾಗಿರಲಿ. ಎದ್ದೆ. ಹೊಸ್ತಿಲು ದಾಟಿದ ಮೇಲೆ ನೆನಪಾಗಿ ಹಿಂದಕ್ಕೆ ಬಂದು ನಾಯಿಯನ್ನೂ ಸೇರಿಸಿದೆ. ಅದನ್ನೊಂದನ್ನೇ ಬಿಟ್ಟರೆ ಲೆಕ್ಕಕ್ಕೆ ಸರಿಬರುವುದಿಲ್ಲ.

ಒಳಗೆ ಯೋನ್ ನಕ್ಕದ್ದು ಕೇಳಿಸಿತು.

ಕಲ್ಕತ್ತಾದಲ್ಲಿ ನನಗೊಮ್ಮೆ ಇದೇ ಜ್ವರ ಬಂದಿತ್ತು. ಹಾಸ್ಟೆಲಿನ ಕೋಣೆ, ಕಬ್ಬಿಣದ ಮಂಚ, ಪಕ್ಕದಲ್ಲಿ ಯಾರೂ ಇಲ್ಲ. ಗೋಡೆಯಾಚೆ ಒಬ್ಬ ಹುಡುಗ ಇಂಗ್ಲಿಷ್ ಪದ್ಯ ಗಟ್ಟಿ ಮಾಡುತ್ತಿದ್ದ. ಒಂದು ಸಾಲೂ ಈಗ ನೆನಪಿಲ್ಲ, ಅವನ ದನಿ ಕೇಳುತ್ತಿದ್ದರೆ ಸಾಕು ಅನಿಸುತ್ತಿದ್ದುದು ಮಾತ್ರ ನೆನಪಿದೆ. ಏನೋ ಬರೆಯಲು ಹೋಗಿ ಎಲ್ಲಿಗೋ ಬಂದೆ.

ಬರೆಯಬೇಕಾದದ್ದು ಇದು. ಈಗ ಹೊಳೆಯಿತು, ಜ್ವರದ ನೆಪದಲ್ಲಿ ಮೊದಲ ಸೌಟು ತಪ್ಪಿಸಬಹುದಿತ್ತು! ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಒಪ್ಪಂದ ಅಲ್ಲಿಗೇ ಬಿದ್ದುಹೋಗುತ್ತಿತ್ತು, ಮಗಳು ಮನೆಯಲ್ಲೇ ಉಳಿಯುತ್ತಿದ್ದಳು. ಮೈ ಪರಚಿಕೊಳ್ಳುವ ಹಾಗಾಯಿತು. ಗಡಿಬಿಡಿಯಲ್ಲಿ ಮರೆತೇಬಿಟ್ಟೆ.

ಸೆಪ್ಟೆಂಬರ್ ೨೭

ಮಾ ಚೋ ಜಗಳಕ್ಕೇ ಬಂದಳು. ಇವತ್ತು ಭಿಕ್ಷುಗಳಿಗೆ ಅನ್ನ ಹಾಕುವಾಗ ಅವಳೂ ಇದ್ದಳು. ಮಲ್ಲಿಗೆಯಂಥ ಅನ್ನ, ನಾನೇ ಹೇಳಬೇಕು. ಹಿರಿಯ ಭಿಕ್ಷು ಅತ್ತ ಹೋದರೋ ಇಲ್ಲವೋ, ಇವಳು ಶುರು.

"ಭಾವ, ಅವಳು ಹೋಗ್ತಿಲ್ಲ. ನೀವೇ ಓಡಿಸ್ತಿದ್ದೀರಿ!"

"ನಾನೇನು ಮಾಡಿದೆ?"

"ಏನು ಮಾಡಿದ್ರಾ? ಇಷ್ಟು ಚೆನ್ನಾಗಿ ಅನ್ನ ಮಾಡಿದ್ರಿ! ಗಂಡಸರು ಹೀಗೆ ಅನ್ನ ಮಾಡಿದ್ರೆ ಯಾವ ಹೆಣ್ಣುಮಗಳು ಮನೇಲಿ ಉಳೀತಾಳೆ?"

ಯೋನ್ ಬಾವಿಕಟ್ಟೆಯ ಮೇಲೆ ಕೂತು ಬಿದ್ದು ಬಿದ್ದು ನಕ್ಕಳು. ಮಾ ಚೋಗೂ ನಗು ತಡೆಯಲಾಗಲಿಲ್ಲ, ಆಮೇಲೆ ಹೆಗಲ ವಸ್ತ್ರದಲ್ಲಿ ಕಣ್ಣೊರೆಸಿಕೊಂಡಳು. ಅಕ್ಕನ ಮಗಳು ಅಂದರೆ ಅವಳಿಗೆ ಪ್ರಾಣ, ಸ್ವಂತ ಮಕ್ಕಳಿಲ್ಲ.

ಅವಳು ಹೋದ ಮೇಲೆ ಯೋನ್ ಅಕ್ಕಿ ಆರಿಸುತ್ತಿದ್ದಳು, ನಾನೂ ಕೂತೆ. ಇಬ್ಬರೂ ಕಲ್ಲು ಹೆಕ್ಕುತ್ತಾ ಇದ್ದಾಗ ಕೇಳಿದೆ. ಇಷ್ಟು ದಿನ ಕೇಳಿರಲಿಲ್ಲ.

"ಅಮ್ಮ ಹೋದ ದುಃಖಕ್ಕಾ?"

"ಅಲ್ಲಪ್ಪ. ದುಃಖಕ್ಕೆ ಆಗಿದ್ರೆ ಆಗಲೇ ಹೋಗ್ತಿದ್ದೆ."

"ನನ್ನ ಕೈಲಿ ಬೇಸತ್ತಾ?"

"ಅಪ್ಪಾ!"

"ಮತ್ತೆ?"

ಮೊರದ ಅಕ್ಕಿ ಆಡಿಸಿ ಒಂದು ಕಲ್ಲು ಹೆಕ್ಕಿ ಎಸೆದಳು. "ಬೆಳಿಗ್ಗೆ ನೀರು ಹೂವು ಇಟ್ಟು ಮೇಲೆ ಏಳ್ತೀನಲ್ಲ, ಆಗ ಒಂದು ಥರಾ ಹಗುರ ಇರುತ್ತೆ. ಮನೆ ಕೆಲಸ ಶುರುವಾದ ಮೇಲೂ ಇರುತ್ತೆ, ಬಾವಿ ಹತ್ತಿರ ಹೋಗೋವರೆಗೂ ಇರುತ್ತೆ. ಆಮೇಲೆ ಹೋಗಿಬಿಡುತ್ತೆ. ಅದು ದಿನ ಪೂರ್ತಿ ಇದ್ದರೆ ಹೇಗಿರುತ್ತೆ ಅಂತ ನೋಡಬೇಕು."

"ಬಾವಿವರೆಗೂ ಇರಲ್ಲ," ಅಂದೆ. "ಒಲೆ ಹತ್ತಿರಾನೇ ಹೋಗಿಬಿಡುತ್ತೆ."

ಅವಳು ಮೊರ ಅಲುಗಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಯಾಕೆ ಹಾಗೆ ನೋಡಿದಳೋ ತಿಳಿಯಲಿಲ್ಲ.

ಮಾತು ಬದಲಿಸಲು ಅಂದೆ, "ನೀನು ಆ ಬಟ್ಟೆ ಉಟ್ಟರೆ ಮಾ ಚೋ ಎಲ್ಲ ನಿನ್ನ ಕಾಲಿಗೆ ಬೀಳ್ತಾರೆ. ನಾನು ಮಾತ್ರ ಬೀಳಲ್ಲ, ಈಗಲೇ ಹೇಳಿದ್ದೀನಿ. ನಿನ್ನ ಮೂಗು ಒರೆಸಿದ ಕೈ ಇದು, ಇದನ್ನ ಜೋಡಿಸಿ ನಿನಗೇ ಮುಗಿಯಲಾ? ಅದೂ ಅಲ್ಲದೆ ನನ್ನ ಮಂಡಿ ಮಡಚಕ್ಕಾಗಲ್ಲ."

"ಬೇಡ ಬಿಡಿ ಅಪ್ಪ. ಮಂಡಿಗೆ ಎಣ್ಣೆ ಹಚ್ಚಲಾ?"

ಹಚ್ಚಿದಳು.

ಅಕ್ಟೋಬರ್ ೧೩

ಮರದ ಗಂಟೆ ಇವತ್ತು ತಡವಾಗಿ ಬಡಿಯಿತು. ನಾನೆದ್ದು ನೀರು ಸೇದಿ, ಬಟ್ಟಲು ತೊಳೆದು, ಒಲೆ ಹಚ್ಚಿದ ಮೇಲೆ ಬಡಿದರು. ವಿಹಾರದವರೇ ಹೀಗೆ ಮಲಗಿಬಿಟ್ಟರೆ ಊರಿನವರ ಗತಿಯೇನು.

ನಾಳೆ ಹುಣ್ಣಿಮೆ. ವರ್ಷಾವಾಸ ಮುಗಿಯುತ್ತದೆ. ಬೀದಿಯಲ್ಲೆಲ್ಲ ದೀಪದ ತಯಾರಿ, ಮಕ್ಕಳು ಕಾಗದದ ಗೂಡುಗಳನ್ನು ಅಂಟಿಸುತ್ತಿದ್ದಾರೆ. ಯೋನ್ ನಾಳೆಯ ಮಾತನ್ನೇ ಎತ್ತಲಿಲ್ಲ. ಬೆಳಗಿನಿಂದ ನನ್ನ ಹಳೆಯ ಅಂಗಿಗಳಿಗೆಲ್ಲ ಗುಂಡಿ ಹಾಕುತ್ತಾ ಕೂತಿದ್ದಾಳೆ.

ನಾಳೆ ಒಂದು ದಿನ ಕೊಳ್ಳಿ ಹಿಂದಕ್ಕೆಳೆಯದಿದ್ದರೆ ಸಾಕು. ಕರಾರು ಕರಾರೇ.

ಅಕ್ಟೋಬರ್ ೧೪. ಹುಣ್ಣಿಮೆ

ಒಲೆಯ ಮುಂದೆ ಕೂತಿದ್ದೆ. ಉಕ್ಕು ಬಂತು. ಕೂತೇ ಇದ್ದೆ. ಜುಲೈನಲ್ಲಿ ಆ ಮುಚ್ಚಳದ ಮೇಲೆ ಹಾಗೇ ನಿಂತಿದ್ದ ಕೈ ನೆನಪಾಯಿತು. ಅಷ್ಟರಲ್ಲಿ ನನ್ನ ಕೈ ಹೋಗಿ ಕೊಳ್ಳಿ ಹಿಂದಕ್ಕೆಳೆದಿತ್ತು. ರೂಢಿಯಾಗಿಬಿಟ್ಟಿದೆ, ಏನು ಮಾಡುವುದು.

ಮೊದಲ ಸೌಟು ಪೀಠಕ್ಕೆ ಇಟ್ಟೆ. ಆಮೇಲೆ ಭಿಕ್ಷುಗಳು ಬಂದರು, ಹಾಕಿದೆ. ಯೋನ್ ಪಕ್ಕದಲ್ಲಿ ಮೇಲೋಗರದ ಬಟ್ಟಲು ಹಿಡಿದು ನಿಂತಿದ್ದಳು. ಒಪ್ಪಿಗೆಯ ಮಾತು ಅವಳು ಕೇಳಲಿ ಎಂದು ಕಾದೆ. ಕೇಳಲಿಲ್ಲ. ಸಾಲು ತಿರುವಿನಲ್ಲಿ ಮರೆಯಾಗುವವರೆಗೂ ಕೇಳಲಿಲ್ಲ.

"ಯಾವತ್ತು ಹೋಗ್ತೀಯ?" ಅಂದೆ.

ಬಟ್ಟಲನ್ನು ಕೆಳಗಿಟ್ಟಳು. ಗೇಟಿನ ಬಳಿಯೇ, ಕೆಸರಿನಲ್ಲೇ, ಮಂಡಿಯೂರಿದಳು. ಹಬ್ಬದ ದಿನವಾದ್ದರಿಂದ ನೋಡಿದವರಿಗೆ ವಿಶೇಷವೇನೂ ಅನಿಸಿರಲಿಕ್ಕಿಲ್ಲ.

ಅಕ್ಟೋಬರ್ ೧೮

ಇವತ್ತು ಮಠದ ಅಂಗಳದಲ್ಲಿ ಬೋಳಿಸಿದರು. ಕೂದಲು ನೆಲಕ್ಕೆ ಬೀಳಬಾರದು, ಹೆತ್ತವರು ಬಿಳಿ ಬಟ್ಟೆ ಹಿಡಿದು ಅದರಲ್ಲಿ ತೆಗೆದುಕೊಳ್ಳಬೇಕು. ಒಂದು ತುದಿ ನಾನು, ಇನ್ನೊಂದು ಮಾ ಚೋ, ಅಕ್ಕನ ಜಾಗದಲ್ಲಿ. ದಾರಿಯುದ್ದಕ್ಕೂ ಅತ್ತು ಬಂದವಳು ಬಟ್ಟೆ ಕೈಗೆ ಬಂದದ್ದೇ ಗಟ್ಟಿಯಾಗಿ ನಿಂತಳು. ನನ್ನ ತುದಿಯೇ ಜೋತುಬಿದ್ದಿತ್ತು.

"ಭಾವ, ಸರಿಯಾಗಿ ಹಿಡೀರಿ. ಬೀಳುತ್ತೆ."

ಕೂದಲು ಇಷ್ಟು ಭಾರ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಬೋಳಿಸಿದ ತಲೆ ಸಣ್ಣದು, ಗುಂಡಗೆ. ಹುಟ್ಟಿದ ದಿನ ಮಾ ಚೋ ತಂದು ತೋರಿಸಿದಾಗ ಇದ್ದ ಹಾಗೇ ಇದೆ. ಗುಲಾಬಿ ಬಟ್ಟೆ ಉಡಿಸಿ ಕೇತುಮಾಲಾ ಅಮ್ಮ ಹುಟ್ಟಿದ ವಾರಕ್ಕೆ ತಕ್ಕ ಅಕ್ಷರ ನೋಡಿ ಹೊಸ ಹೆಸರಿಟ್ಟರು, ರೇವತಿ. ಎಲ್ಲರೂ ಮಂಡಿಯೂರಿ ನಮಸ್ಕರಿಸಿದರು. ಮಾ ಚೋ, ಬಾ ಶೀನ್, ಪಕ್ಕದ ಮನೆಯವರು. ನಾನು ಕಂಬಕ್ಕೆ ಒರಗಿ ನಿಂತೇ ಇದ್ದೆ. ಮಂಡಿ ನೋವು. ಅವಳು ನೋಡಲಿಲ್ಲ; ಅವಳ ಕಣ್ಣು ಎರಡು ಮಾರು ಮುಂದಿನ ನೆಲದ ಮೇಲಿತ್ತು, ಅದು ಅವರ ನಿಯಮ.

ಮುಖ ಹಗುರವಾಗಿತ್ತು.

ಮನೆಗೆ ಬಂದು ಬಟ್ಟಲಿನ ನೀರು ನೋಡಿದೆ. ತುಂಬಿಯೇ ಇತ್ತು. ಬೆಳಿಗ್ಗೆ ನಾನೇ ತುಂಬಿದ್ದೆನಲ್ಲ.

ಅಕ್ಟೋಬರ್ ೨೧

ನಾಳೆ ವ್ರತದ ದಿನ. ಅಂದರೆ ಇವತ್ತು ಸನ್ಯಾಸಿನಿಯರು ಬರುವ ದಿನ. ಹೊಸಬಳನ್ನೂ ಕರೆತರುತ್ತಾರೆ ಎಂದು ಬಾ ಶೀನ್ ನಿನ್ನೆಯೇ ಹೇಳಿ ಹೋಗಿದ್ದ. ಈಗಲೂ ಅಲ್ಲಿ ಸೌದೆ ಸೀಳುತ್ತಾನೆ.

ಬೆಳಿಗ್ಗೆ ಭಿಕ್ಷುಗಳಿಗೆ ಹಾಕಿದ ಮೇಲೆ ಕೂರಲಾಗಲಿಲ್ಲ. ದೊಡ್ಡ ಗಡಿಗೆ ತೊಳೆದೆ. ಮನೆಯಲ್ಲಿದ್ದ ಒಳ್ಳೆಯ ಅಕ್ಕಿಯನ್ನೆಲ್ಲ, ಡಬ್ಬಿಯ ತಳ ಕಾಣುವವರೆಗೆ, ಸುರಿದು ಮೂರು ಸಲ ತೊಳೆದು ಇಟ್ಟೆ. ಒಲೆ ಬಿಟ್ಟು ಏಳಲಿಲ್ಲ. ಮಾ ಚೋ ಬಂದು ನೋಡಿ, "ಇದೇನು ಭಾವ, ಮದುವೆ ಅಡುಗೇನಾ?" ಅಂದಳು. ಕೇಳಲಿಲ್ಲ ನಾನು. ಗಡಿಗೆ ಹೊತ್ತು ಗೇಟಿಗೆ ಹೋದೆ. ಹಬೆ ಮುಖಕ್ಕೆ ಹೊಡೆಯುತ್ತಿತ್ತು.

ಬಂದರು. ಮುಂದೆ ಕೇತುಮಾಲಾ ಅಮ್ಮ, ಕೊನೆಗೆ ಅವಳು. ತಲೆಯ ಮೇಲೆ ಹೊಸ ಬಿದಿರಿನ ತಟ್ಟೆ, ಅದು ಸ್ವಲ್ಪ ವಾರೆ. ನಮ್ಮ ಮನೆ ಮುಂದೆ ನಿಂತರು. ನಾನು ಸೌಟು ಎತ್ತಿದೆ. ತಟ್ಟೆಯಲ್ಲಿ ಬರೀ ಅಕ್ಕಿ, ಬಿಳಿ ಬಿಳಿ ಹಸಿ ಅಕ್ಕಿ.

ಮಗುವಿಗೂ ಗೊತ್ತಿರುವ ವಿಷಯ. ಭಿಕ್ಷುಗಳಿಗೆ ಅನ್ನ, ಸನ್ಯಾಸಿನಿಯರಿಗೆ ಅಕ್ಕಿ. ಅವರಿಗೆ ಅಕ್ಕಿ ಹಾಕುವುದು ಯಾವಾಗಲೂ ಅವಳ ಕೆಲಸವಾಗಿತ್ತು, ನನ್ನದಲ್ಲ. ಒಳಗೆ ಡಬ್ಬಿಯಲ್ಲಿ ಒಂದು ಕಾಳಿಲ್ಲ. ಸೌಟು ಎತ್ತಿದ ಕೈ ಹಾಗೇ ನಿಂತಿತು. ಗಡಿಗೆ ಕೆಳಗಿಟ್ಟು ಕೈ ಮುಗಿದು, "ಕ್ಷಮಿಸಿ ಪೂಜ್ಯರೇ," ಅಂದುಬಿಟ್ಟೆ.

ಕೇತುಮಾಲಾ ಅಮ್ಮ ಗಡಿಗೆ ನೋಡಿದರು, ನನ್ನನ್ನು ನೋಡಿದರು. "ಇದೇನು ದಾಯಕರೇ! ಬೀದಿಗೆಲ್ಲ ಸಾಕಾಗೋಷ್ಟು ಅನ್ನ ಮುಂದಿಟ್ಟುಕೊಂಡು ಕ್ಷಮಿಸಿ ಅಂತೀರಲ್ಲ, ನಾವು ಮುಂದಕ್ಕೆ ಹೋಗೋದಾ, ನಿಲ್ಲೋದಾ?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕೊನೆಯ ತಟ್ಟೆ ಅಲುಗಿತು.

"ಹೊತ್ತು ಇನ್ನೂ ನೆತ್ತಿಗೆ ಬಂದಿಲ್ಲ," ಅಂದು ಹಿರಿಯಾಕೆ ತಟ್ಟೆ ಇಳಿಸಿದರು. "ಜಗಲಿ ತೋರಿಸಿ. ಬೇಯಿಸೋ ಕೆಲಸ ಇವತ್ತೊಂದಿನ ತಪ್ಪಿತು."

ಎಲ್ಲರೂ ಜಗಲಿಯ ಮೇಲೆ ಸಾಲಾಗಿ ಕೂತರು. ಮಾ ಚೋ ಬಾಳೆ ಎಲೆ ಹಾಸಿ, ಒಣಮೀನಿನ ಚಟ್ನಿ, ಹುಳಿ ಸೊಪ್ಪಿನ ಸಾರು ಎಲ್ಲಿಂದಲೋ ಹೊಂದಿಸಿದಳು. ಮೊದಲ ಸೌಟು ಕೇತುಮಾಲಾ ಅಮ್ಮನಿಗೆ. ಕೊನೆಯದು ರೇವತಿಯವರಿಗೆ. ಅವರು ತಲೆ ಎತ್ತಲಿಲ್ಲ. ಎಲೆಯಲ್ಲಿ ಬಿದ್ದದ್ದನ್ನು ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುವ ಹಾಗಿಲ್ಲ ಅವರು, ಅನ್ನಲಿಲ್ಲ. ಮೆಲ್ಲಗೆ, ಒಂದು ಅಗುಳು ಬಿಡದೆ ಉಂಡರು.

ಗಡಿಗೆಯ ತಳ ಸ್ವಲ್ಪ ಹಿಡಿದಿತ್ತು. ಕೆಂಪಗೆ, ಗರಿಗರಿ. ಅದನ್ನು ಕೆರೆದು ಕಾಗೆಗೆ ಹಾಕೋಣ ಎಂದು ಎತ್ತುತ್ತಿದ್ದೆ. ಎರಡು ಮಾರು ಮುಂದಿನ ನೆಲದ ಮೇಲಿದ್ದ ಕಣ್ಣು ಅಷ್ಟು ಹೊತ್ತಿಗೆ ಗಡಿಗೆಯ ಮೇಲಿತ್ತು. ಮೊಲದಷ್ಟು ಇದ್ದಾಗಿನಿಂದ ಈ ತಳದ ಸೀಕಲಿಗಾಗಿ ಅಡುಗೆಮನೆ ಬಾಗಿಲಲ್ಲಿ ಕಾಯುತ್ತಿದ್ದವಳು. ಅದನ್ನು ಪೂರ್ತಿ ಅವರ ಎಲೆಗೆ ಹಾಕಿದೆ. ಕೇತುಮಾಲಾ ಅಮ್ಮ ಬೇರೆ ಕಡೆ ನೋಡಿದರು.

ಹೊರಡುವಾಗ ಮಂಗಳ ಹೇಳಿದರು. ನಮ್ಮ ಮನೆಯವರು ಸುಖವಾಗಿರಲಿ, ಬೀದಿಯವರು ಸುಖವಾಗಿರಲಿ. ಕೊನೆಯಲ್ಲಿ ಒಂದು ಸಣ್ಣ ದನಿ ಒಂದೇ ಒಂದು ಮಾತು ಹೆಚ್ಚಿಗೆ ಸೇರಿಸಿತು, ನಾಯಿಯೂ ಸುಖವಾಗಿರಲಿ. ತಟ್ಟೆಗಳು ತಿರುವಿನವರೆಗೂ ಸಾಲಾಗಿ ಹೋದವು. ಕೊನೆಯದು ಈಗ ನೆಟ್ಟಗಿತ್ತು.

"ಭಾವ," ಮಾ ಚೋ ಎಲೆ ಎತ್ತುತ್ತಾ ಅಂದಳು, "ಮಂಡಿ ವಾಸಿಯಾಯ್ತಾ?"

ನೋಡಿಕೊಂಡರೆ ಜಗಲಿಯ ಕೆಳಗೆ, ಅಂಗಳದ ಮಣ್ಣಿನಲ್ಲಿ, ಎರಡೂ ಮಂಡಿಯೂರಿ, ಕೈ ಮುಗಿದುಕೊಂಡೇ ಕೂತಿದ್ದೇನೆ. ಯಾವಾಗ ಕೂತೆನೋ.

ಈಗ ನೋಯುತ್ತಿದೆ, ಚೆನ್ನಾಗಿಯೇ. ಎಣ್ಣೆ ನಾನೇ ಹಚ್ಚಿಕೊಂಡೆ. ನಾಳೆ ಭಿಕ್ಷುಗಳಿಗೆ ಹಾಕಿದ ಮೇಲೆ ಬಜಾರಿಗೆ ಹೋಗಿ ಅಕ್ಕಿ ತರಬೇಕು. ಅರ್ಧ ಬೇಯಿಸಲಿಕ್ಕೆ. ಅರ್ಧ ಹಸಿಯಾಗಿಯೇ ಡಬ್ಬಿಯಲ್ಲಿ, ಗೇಟಿನ ಹತ್ತಿರ.